ಬೆಟ್ಟದ ದಾರಿಯಲ್ಲಿ ಕ್ಯಾಂಪರ್ ಎಳೆಯಲು ಟ್ರಕ್ ಎಂಜಿನ್ ಆರಿಸುವುದು ಹೇಗೆ?

ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ನಿಂದ ಪಶ್ಚಿಮಕ್ಕೆ ಹೋಗುವ ಐ-70 ಹೆದ್ದಾರಿಯಲ್ಲಿ, ಬೇಸಿಗೆಯ ಶುಕ್ರವಾರಗಳಂದು, ಹೊಸ ಹೊಸ ಪಿಕಪ್ ಟ್ರಕ್‌ಗಳು ಬಲಗಡೆ ಲೇನಿನಲ್ಲಿ ಹಜಾರ್ಡ್ ದೀಪ ಹಾಕಿಕೊಂಡು ತೆವಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಿಂದೆ ಚಂದದ ಕ್ಯಾಂಪರ್, ಅಂದರೆ ಕಟ್ಟಿ ಎಳೆಯುವ ಗಾಲಿಮನೆ. ಟ್ರಕ್ ಒಳಗೆ ಮಕ್ಕಳು, ಊರಿಂದ ಬಂದ ಅಜ್ಜ-ಅಜ್ಜಿ. ಎಂಜಿನ್ ಮಾತ್ರ 5,500 ಆರ್‌ಪಿಎಮ್‌ನಲ್ಲಿ ಕಿರುಚುತ್ತಿರುತ್ತದೆ. ಅದು ಕೆಟ್ಟ ಟ್ರಕ್ ಅಂತಲ್ಲ. ಆ ಎತ್ತರಕ್ಕೆ, ಆ ಭಾರಕ್ಕೆ ಹೊಂದದ ಎಂಜಿನ್.

ಕೊಲೊರಾಡೊ, ಯೂಟಾ ಕಡೆ ನೆಲೆಸಿರುವ ನಮ್ಮ ಕನ್ನಡಿಗರಲ್ಲೂ ಕ್ಯಾಂಪರ್ ಕೊಳ್ಳುವವರಿದ್ದಾರೆ. ಸ್ವಂತ ಅಡುಗೆಮನೆ, ಸ್ವಂತ ಬಚ್ಚಲು, ವಯಸ್ಸಾದ ಅಪ್ಪ-ಅಮ್ಮನಿಗೆ ಮಲಗಲು ಸರಿಯಾದ ಹಾಸಿಗೆ. ಆಸೆ ನ್ಯಾಯವಾದದ್ದೇ. ಆದರೆ ಹೆಚ್ಚಿನವರು ಮೊದಲು ಟ್ರಕ್ ಕೊಳ್ಳುತ್ತಾರೆ, ಆಮೇಲೆ ಕ್ಯಾಂಪರ್, ಕೊನೆಗೆ ಲೆಕ್ಕ. ಇದನ್ನು ಪೂರ್ತಿ ತಿರುಗಿಸಿ.

ಹೆಜ್ಜೆ 1: ಕ್ಯಾಂಪರ್‌ನ ನಿಜವಾದ ತೂಕ ತಿಳಿಯಿರಿ

ಜಾಹೀರಾತಿನಲ್ಲಿರುವುದು ಖಾಲಿ ತೂಕ. ಅದನ್ನು ಮರೆತುಬಿಡಿ. ಕ್ಯಾಂಪರ್‌ನ ಪಕ್ಕದಲ್ಲಿ ಅಂಟಿಸಿರುವ ಚೀಟಿಯಲ್ಲಿ ತುಂಬಿದಾಗ ಇರಬಹುದಾದ ಗರಿಷ್ಠ ತೂಕ ಇರುತ್ತದೆ. ಲೆಕ್ಕಕ್ಕೆ ಅದನ್ನೇ ಹಿಡಿಯಿರಿ. ಒಂದು ಗ್ಯಾಲನ್ ನೀರು 8.3 ಪೌಂಡ್. 40 ಗ್ಯಾಲನ್ ಟ್ಯಾಂಕ್ ತುಂಬಿದರೆ ಅಲ್ಲೇ 330 ಪೌಂಡ್ ಏರಿತು.

ಮುಂದಿನ ಲೆಕ್ಕಕ್ಕೆ 7,000 ಪೌಂಡ್ ಅಂತ ಇಟ್ಟುಕೊಳ್ಳೋಣ. ಒಂದು ಕುಟುಂಬಕ್ಕೆ ಸಾಲುವ ಕ್ಯಾಂಪರ್‌ನ ತೂಕ ಹೆಚ್ಚುಕಮ್ಮಿ ಇಷ್ಟಿರುತ್ತದೆ.

ಹೆಜ್ಜೆ 2: ಬಾಗಿಲು ತೆಗೆದು ಚೀಟಿ ಓದಿ

ಟ್ರಕ್‌ನ ಬಾನೆಟ್ ಎತ್ತುವ ಮೊದಲು ಡ್ರೈವರ್ ಬಾಗಿಲು ತೆಗೆಯಿರಿ. ಚೌಕಟ್ಟಿನ ಮೇಲೆ ಹಳದಿ-ಬಿಳಿ ಬಣ್ಣದ ಚೀಟಿ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಇದೇ ಪೇಲೋಡ್. ಎಂಜಿನ್ ಎಷ್ಟೇ ದೊಡ್ಡದಿರಲಿ, ಈ ಸಂಖ್ಯೆ ಮೀರಿದರೆ ಆ ಟ್ರಕ್ ನಿಮ್ಮದಲ್ಲ.

ಕ್ಯಾಂಪರ್‌ನ ತೂಕದಲ್ಲಿ ಶೇ 10ರಿಂದ 15ರಷ್ಟು ಕ್ಯಾಂಪರ್ ಕಟ್ಟುವ ಕೊಂಡಿಯಾದ ಹಿಚ್ ಮೇಲೆ, ಅಂದರೆ ಟ್ರಕ್‌ನ ಬೆನ್ನ ಮೇಲೆ ಕೂರುತ್ತದೆ. 7,000 ಪೌಂಡ್‌ಗೆ ಸುಮಾರು 875 ಅಂತ ಹಿಡಿಯಿರಿ. ಭಾರ ಹಂಚುವ ಹಿಚ್‌ನದೇ ಒಂದು 100 ಪೌಂಡ್. ಚೀಟಿಯಲ್ಲಿ 1,500 ಅಂತಿದ್ದರೆ ಉಳಿದದ್ದು 525. ಗಂಡ, ಹೆಂಡತಿ, ಇಬ್ಬರು ಪುಟ್ಟ ಮಕ್ಕಳು ಅದರಲ್ಲಿ ಹಿಡಿಸುತ್ತಾರೆ. ಬೇಸಿಗೆಗೆ ಅಪ್ಪ-ಅಮ್ಮ ಬಂದು ಹಿಂದಿನ ಸೀಟಿನಲ್ಲಿ ಕೂತರೆ ಮೀರಿತು.

ಲೆದರ್ ಸೀಟು, ಗಾಜಿನ ಛಾವಣಿ ಇರುವ ದುಬಾರಿ ಮಾದರಿಗಳಲ್ಲಿ ಪೇಲೋಡ್ ಇನ್ನೂ ಕಡಿಮೆ. ಆ ಸೌಕರ್ಯಗಳಿಗೂ ತೂಕ ಇದೆಯಲ್ಲ. ಒಂದೇ ಮಾದರಿಯ ಎರಡು ಟ್ರಕ್‌ಗಳಲ್ಲೂ ಈ ಸಂಖ್ಯೆ ಬೇರೆ ಬೇರೆ ಇರುತ್ತದೆ, ಹಾಗಾಗಿ ನೀವು ಕೊಳ್ಳುವ ಗಾಡಿಯ ಚೀಟಿಯನ್ನೇ ನೋಡಿ. ಹಿಂಭಾಗ ಕುಸಿಯದಂತೆ ಸ್ಪ್ರಿಂಗ್ ಜೊತೆ ಹಾಕುವ ಏರ್‌ಬ್ಯಾಗ್ ಮಾರುವವರು "ಪೇಲೋಡ್ ಜಾಸ್ತಿಯಾಗುತ್ತೆ" ಅನ್ನುತ್ತಾರೆ. ಆಗುವುದಿಲ್ಲ. ಟ್ರಕ್‌ನ ಹಿಂಭಾಗ ಮೇಲೇಳುತ್ತದೆ. ಆಕ್ಸಲ್, ಬ್ರೇಕ್, ಟೈರು ಮೊದಲಿನವೇ ಇರುತ್ತವೆ.

ಹೆಜ್ಜೆ 3: ಎತ್ತರದ ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಮೊದಲು, ಡೀಲರ್ ಹೇಳುವ "11,000 ಪೌಂಡ್ ಎಳೆಯುತ್ತೆ" ಅನ್ನುವ ಮಾತು ಎಲ್ಲಿಂದ ಬರುತ್ತದೆ ನೋಡೋಣ. ಅಮೆರಿಕದ ತಯಾರಕರು ಈ ಸಂಖ್ಯೆಗೆ ವಾಹನ ಎಂಜಿನಿಯರ್‌ಗಳ ಸಂಘ ಎಸ್‌ಎಇಯ ಜೆ2807 ಅನ್ನುವ ಮಾನದಂಡ ಅನುಸರಿಸುತ್ತಾರೆ. ಅದರ ಏರು ಪರೀಕ್ಷೆಗೆ ಮಾದರಿ ಅರಿಜೋನಾದ ಹೆದ್ದಾರಿ 68ರಲ್ಲಿರುವ ಡೇವಿಸ್ ಡ್ಯಾಮ್ ಏರು. ಉದ್ದ 11.4 ಮೈಲಿ. ಸುಡುಬಿಸಿಲಿನಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ಮಾಮೂಲಿ ಪಿಕಪ್ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯದೆ ಹತ್ತಬೇಕು. ಒಳ್ಳೆಯ ಕಠಿಣ ಪರೀಕ್ಷೆ. ಆದರೆ ಆ ಏರು ಮುಗಿಯುವುದು ಸುಮಾರು 3,500 ಅಡಿ ಎತ್ತರದಲ್ಲಿ. ಡೆನ್ವರ್ ನಗರವೇ 5,280 ಅಡಿಯಲ್ಲಿದೆ. ಐ-70ರ ಐಸೆನ್‌ಹೋವರ್ ಸುರಂಗ 11,158 ಅಡಿಯಲ್ಲಿದೆ. ಮೊನಾರ್ಕ್ ಪಾಸ್ 11,312 ಅಡಿ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,330 ಅಡಿ, ಅಲ್ವಾ? ಈ ಹೆದ್ದಾರಿಗಳು ಅದಕ್ಕಿಂತ ಹೆಚ್ಚುಕಮ್ಮಿ 5,000 ಅಡಿ ಮೇಲೆ ಹಾದುಹೋಗುತ್ತವೆ.

ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸುರಂಗದ ಹತ್ತಿರ ಬರುವಾಗ ಶೇ 30ರಷ್ಟು ಹೋಗಿರುತ್ತದೆ. ಟರ್ಬೊ ಇರುವ ಎಂಜಿನ್ ಗಾಳಿಯನ್ನು ಒತ್ತಿ ತುಂಬಿಕೊಳ್ಳುವುದರಿಂದ ಶಕ್ತಿಯ ಬಹುಪಾಲು ಉಳಿಸಿಕೊಳ್ಳುತ್ತದೆ.

ಈಗ ಬೇಕಾಗುವ ಶಕ್ತಿ ಎಷ್ಟು? ಒಂದು ಸುಲಭ ಸೂತ್ರ ಇದೆ. ಟ್ರಕ್ ಮತ್ತು ಕ್ಯಾಂಪರ್‌ನ ಒಟ್ಟು ತೂಕವನ್ನು ಪೌಂಡ್‌ನಲ್ಲಿ ಬರೆಯಿರಿ. ಅದನ್ನು ಗಂಟೆಗೆ ಎಷ್ಟು ಮೈಲಿ ಅನ್ನುವುದರಿಂದ ಗುಣಿಸಿ. ಏರಿನ ಶೇಕಡಾವಾರಿನಿಂದ (100 ಅಡಿ ಮುಂದೆ ಹೋದರೆ ಎಷ್ಟು ಅಡಿ ಏರುತ್ತದೆ ಅನ್ನುವುದು) ಮತ್ತೆ ಗುಣಿಸಿ. ಬಂದದ್ದನ್ನು 37,500ರಿಂದ ಭಾಗಿಸಿ. ಏರು ಹತ್ತಲು ಮಾತ್ರ ಬೇಕಾದ ಹಾರ್ಸ್‌ಪವರ್ ಸಿಗುತ್ತದೆ.

ನಮ್ಮ ಉದಾಹರಣೆಯಲ್ಲಿ ಜನ, ಸಾಮಾನು ಸೇರಿ ಟ್ರಕ್ 6,500, ಕ್ಯಾಂಪರ್ 7,000. ಒಟ್ಟು 13,500 ಪೌಂಡ್. ವೇಗ 55, ಏರು ಶೇ 7. ಲೆಕ್ಕ ಹಾಕಿದರೆ ಸುಮಾರು 139 ಹಾರ್ಸ್‌ಪವರ್. ಇಷ್ಟಕ್ಕೇ ಮುಗಿಯಲಿಲ್ಲ. ಕ್ಯಾಂಪರ್‌ನ ಅಗಲವಾದ ಮುಖಕ್ಕೆ ಗಾಳಿ ಬಡಿಯುತ್ತದೆ, ಟೈರುಗಳ ಎಳೆತ ಇದೆ. ಇವಕ್ಕೆ ಒಂದು 70 ಸೇರಿಸಿ. ಗೇರ್‌ಬಾಕ್ಸ್ ಮತ್ತು ಆಕ್ಸಲ್‌ನಲ್ಲಿ ಶೇ 15ರಷ್ಟು ಸೋರಿಹೋಗುತ್ತದೆ. ಕೊನೆಗೆ ಎಂಜಿನ್ ಕೊಡಬೇಕಾದದ್ದು ಸುಮಾರು 245 ಹಾರ್ಸ್‌ಪವರ್.

ಇದನ್ನು ಈಗ ನಿಜವಾದ ಎಂಜಿನ್‌ಗೆ ಹೋಲಿಸಿ. ಷೆವ್ರೊಲೆಯ ಟರ್ಬೊ ಇಲ್ಲದ 5.3 ಲೀಟರ್ ವಿ8ಗೆ (ಎಂಟು ಸಿಲಿಂಡರ್ ಎಂಜಿನ್) ಕಾಗದದ ಮೇಲೆ 355 ಹಾರ್ಸ್‌ಪವರ್. ಸುರಂಗದ ಹತ್ತಿರ ಅದರಲ್ಲಿ ಉಳಿಯುವುದು 250ರ ಆಸುಪಾಸು. ಅದೂ ಎಂಜಿನ್ ತನ್ನ ತುತ್ತತುದಿಯ ವೇಗದಲ್ಲಿ ಸುತ್ತಿದಾಗ ಮಾತ್ರ. ಅಂದರೆ ಇರುವುದೆಲ್ಲ ಖರ್ಚಾಯಿತು, ಉಳಿತಾಯ ಇಲ್ಲ. ಫೋರ್ಡ್‌ನ 3.5 ಲೀಟರ್ ಇಕೋಬೂಸ್ಟ್‌ಗೆ ಎರಡು ಟರ್ಬೊ, 400 ಹಾರ್ಸ್‌ಪವರ್. ಅದೇ ಏರನ್ನು ಅದು 3,000–4,000 ಆರ್‌ಪಿಎಮ್ ನಡುವೆ ಹತ್ತಿಬಿಡುತ್ತದೆ.

ಇದೇ ಲೆಕ್ಕವನ್ನು ಗಂಟೆಗೆ 40 ಮೈಲಿಗೆ ಹಾಕಿ ನೋಡಿ. ವೇಗ ಇಳಿದರೆ ಗಾಳಿಯ ಹೊಡೆತವೂ ಇಳಿಯುವುದರಿಂದ ಬೇಕಾಗುವುದು ಸುಮಾರು 160 ಹಾರ್ಸ್‌ಪವರ್. ಹಾಗಾಗಿ ನಿಮ್ಮ ಹತ್ತಿರ ಈಗಾಗಲೇ ಹಳೆಯ ವಿ8 ಇದ್ದು, ಅವಸರ ಇಲ್ಲದಿದ್ದರೆ, ಅದನ್ನು ಮಾರಬೇಡಿ. ಬಲಗಡೆ ಲೇನಿನಲ್ಲಿ 40ರಲ್ಲಿ ಹೋಗಿ. ಹೊಸದಾಗಿ ದುಡ್ಡು ಹಾಕುವವರಿಗೆ ನಾನು ಬೇರೆಯೇ ಹೇಳುತ್ತೇನೆ.

ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲದ ಬಗ್ಗೆ ಒಂದು ಮಾತು. "ಟಾರ್ಕ್ ಮುಖ್ಯ, ಹಾರ್ಸ್‌ಪವರ್ ಅಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಭಾರವನ್ನು ಒಂದು ವೇಗದಲ್ಲಿ ಮೇಲೆ ಹತ್ತಿಸುವುದು ಹಾರ್ಸ್‌ಪವರ್ರೇ. ಕಡಿಮೆ ಆರ್‌ಪಿಎಮ್‌ನಲ್ಲೇ ಟಾರ್ಕ್ ಜಾಸ್ತಿ ಸಿಕ್ಕರೆ ಪದೇ ಪದೇ ಗೇರ್ ಇಳಿಸುವ ಗದ್ದಲ ಇರುವುದಿಲ್ಲ. ಎರಡೂ ಬೇಕು, ಮೊದಲು ನೋಡಬೇಕಾದದ್ದು ಎತ್ತರದಲ್ಲಿ ಉಳಿಯುವ ಹಾರ್ಸ್‌ಪವರ್.

ಹೆಜ್ಜೆ 4: ಎಂಜಿನ್ ಆರಿಸಿ

5,000 ಪೌಂಡ್‌ಗಿಂತ ಹಗುರವಾದ ಕ್ಯಾಂಪರ್‌ಗೆ 2.7 ಲೀಟರ್ ಟರ್ಬೊ ಪೆಟ್ರೋಲ್ ಸಾಕು. ಫೋರ್ಡ್ ಆಗಲಿ, ಷೆವ್ರೊಲೆಯ ಮಾತೃಸಂಸ್ಥೆ ಜಿಎಂ ಆಗಲಿ.

5,000ದಿಂದ 8,000 ಪೌಂಡ್‌ವರೆಗೆ ನನ್ನ ಆಯ್ಕೆ ದೊಡ್ಡ ಟರ್ಬೊ ಪೆಟ್ರೋಲ್ ಎಂಜಿನ್: ಫೋರ್ಡ್‌ನ 3.5, ಟೊಯೊಟಾ ಟಂಡ್ರಾದ 3.4, ರಾಮ್‌ನ 3.0 ಹರಿಕೇನ್. ಎಳೆಯುವಾಗ ಇವು ಕುಡಿಯುವುದು ಜಾಸ್ತಿ. ಗ್ಯಾಲನ್‌ಗೆ 8–10 ಮೈಲಿ ಸಿಕ್ಕರೆ ಅದೇ ಮಾಮೂಲು. ವರ್ಷಕ್ಕೆ ಕೆಲವು ವಾರ ಮಾತ್ರ ಎಳೆಯುವವರಿಗೆ ಇದು ದೊಡ್ಡ ಹೊರೆಯಲ್ಲ. ದೂರ ದೂರ ಹೋಗುವವರು ಜಿಎಂನ 3.0 ಲೀಟರ್ ಡ್ಯೂರಮ್ಯಾಕ್ಸ್ ಡೀಸೆಲ್ ಕೂಡ ನೋಡಬಹುದು. 305 ಹಾರ್ಸ್‌ಪವರ್, 495 ಪೌಂಡ್-ಅಡಿ ಟಾರ್ಕ್. ನಮ್ಮ ಲೆಕ್ಕಕ್ಕೆ ಸಾಲುತ್ತದೆ, ಪೇಲೋಡ್ ಚೀಟಿ ಮಾತ್ರ ಎರಡು ಸಲ ಓದಿ.

9,000 ದಾಟಿದರೆ ಚೌಕಾಸಿ ಬೇಡ. ಮಾಮೂಲಿ ಪಿಕಪ್‌ಗಿಂತ ಒಂದು ಹಂತ ದೊಡ್ಡದಾದ ಮುಕ್ಕಾಲು ಟನ್ ವರ್ಗದ ಟ್ರಕ್, ದೊಡ್ಡ ಡೀಸೆಲ್, ಹೊಗೆಯ ದಾರಿ ಬಿಗಿಮಾಡಿ ಗಾಡಿಯನ್ನು ನಿಧಾನಿಸುವ ಎಕ್ಸಾಸ್ಟ್ ಬ್ರೇಕ್. ರಾಮ್‌ನ ಕಮಿನ್ಸ್ 6.7, ಫೋರ್ಡ್‌ನ ಪವರ್‌ಸ್ಟ್ರೋಕ್ 6.7, ಜಿಎಂನ ಡ್ಯೂರಮ್ಯಾಕ್ಸ್ 6.6, ಮೂರೂ ಈ ಬೆಟ್ಟಗಳಿಗೆ ಸಾಕಷ್ಟು. ಆದರೆ ಪೆಟ್ರೋಲ್ ಎಂಜಿನ್‌ಗಿಂತ 10,000 ಡಾಲರ್ ಆಸುಪಾಸು ಜಾಸ್ತಿ ಕೊಡಬೇಕು. ಎಂಜಿನ್ ಭಾರವಾದ್ದರಿಂದ ಪೇಲೋಡ್ ನೂರಾರು ಪೌಂಡ್ ಇಳಿಯುತ್ತದೆ. ಉಳಿದ ದಿನ ಮಕ್ಕಳನ್ನು ಶಾಲೆಗೆ ಬಿಡಲು ಎರಡು ಮೈಲಿ ಓಡಿಸುವುದಾದರೆ ಡೀಸೆಲ್ ಬೇಡವೇ ಬೇಡ. ಹೊಗೆ ಸೋಸುವ ಫಿಲ್ಟರ್ ಬಿಸಿಯಾಗಿ ತನ್ನನ್ನು ತಾನು ಶುಚಿಮಾಡಿಕೊಳ್ಳಲು ದೂರದ ಓಡಾಟ ಬೇಕು. ಆ ಫಿಲ್ಟರ್ ಕಿತ್ತುಹಾಕಿಕೊಡುವವರೂ ಇದ್ದಾರೆ. ಅದು ಅಮೆರಿಕದಲ್ಲಿ ಕಾನೂನುಬಾಹಿರ, ಗಾಳಿಗೂ ಕೆಡುಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಾಡಿಯ ಗುರುತಿನ ಸಂಖ್ಯೆಯನ್ನು (ವಿಐಎನ್) ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿ ನೋಡಿ. 2022–23ರ ಟಂಡ್ರಾಗಳನ್ನು ಎಂಜಿನ್‌ನಲ್ಲಿ ಉಳಿದ ಲೋಹದ ಚೂರುಗಳ ಕಾರಣ 2024ರಲ್ಲಿ ವಾಪಸ್ ಕರೆದಿದ್ದರು. ಜಿಎಂನ 6.2 ಲೀಟರ್ ವಿ8ಗೆ 2025ರಲ್ಲಿ ಅಂಥದ್ದೇ ದೊಡ್ಡ ರೀಕಾಲ್ ಆಯಿತು. ದುರಸ್ತಿ ಆಗಿದೆ ಅನ್ನುವ ಕಾಗದ ಕೇಳಿ ಪಡೆಯಿರಿ.

ಎಲೆಕ್ಟ್ರಿಕ್ ಟ್ರಕ್‌ಗೆ ತೆಳು ಗಾಳಿಯ ತೊಂದರೆಯೇ ಇಲ್ಲ, ಏರು ಹತ್ತುವುದನ್ನು ನೋಡಿದರೆ ಖುಷಿಯಾಗುತ್ತದೆ. ಆದರೆ ಕ್ಯಾಂಪರ್ ಕಟ್ಟಿದರೆ ಒಂದು ಚಾರ್ಜ್‌ಗೆ ಹೋಗುವ ದೂರ ಅರ್ಧದಷ್ಟಾಗುತ್ತದೆ. ಸದ್ಯಕ್ಕೆ ದೂರದ ಪ್ರಯಾಣಕ್ಕೆ ನಾನು ಹೇಳುವುದಿಲ್ಲ.

ಪೆಟ್ರೋಲ್ ಎಂಜಿನ್ ಯಾವುದೇ ಇರಲಿ, ಹಾಕಿಸುವ ಪೆಟ್ರೋಲ್ ಬಗ್ಗೆ ಎಚ್ಚರ. ಕೊಲೊರಾಡೊ ಬಂಕ್‌ಗಳಲ್ಲಿ "ರೆಗ್ಯುಲರ್" ಅಂದರೆ 85 ಆಕ್ಟೇನ್ (ಪೆಟ್ರೋಲ್ ಎಂಜಿನ್‌ನೊಳಗೆ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳದೆ ಎಷ್ಟು ತಾಳುತ್ತದೆ ಅನ್ನುವ ಅಳತೆ). ಕಾರ್ಬ್ಯುರೇಟರ್ ಕಾಲದಲ್ಲಿ ತೆಳು ಗಾಳಿಗೆ ಅಷ್ಟು ಸಾಕಾಗುತ್ತಿತ್ತು. ಟರ್ಬೊ ಗಾಳಿಯನ್ನು ಮತ್ತೆ ದಟ್ಟ ಮಾಡುವುದರಿಂದ ಆ ಹಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಖಾಲಿ ಓಡಿಸುವಾಗ ಕನಿಷ್ಠ 87, ಕ್ಯಾಂಪರ್ ಎಳೆಯುವಾಗ 91 ಹಾಕಿಸಿ. ಡ್ಯಾಶ್‌ಬೋರ್ಡ್ ಕೆಳಗಿನ ಪೋರ್ಟ್‌ಗೆ ಸಿಕ್ಕಿಸಿದರೆ ಶಕ್ತಿ ಹೆಚ್ಚುತ್ತದೆ ಎಂದು ಇಪ್ಪತ್ತು ಡಾಲರ್‌ಗೆ ಮಾರುವ ಚಿಪ್‌ಗಳಿಗೆ ದುಡ್ಡು ಸುರಿಯಬೇಡಿ. ಎಷ್ಟೋ ಚಿಪ್‌ಗಳೊಳಗೆ ಮಿನುಗುವ ದೀಪ ಬಿಟ್ಟರೆ ಏನೂ ಇರುವುದಿಲ್ಲ.

ಹೆಜ್ಜೆ 5: ಇಳಿಯುವುದನ್ನೂ ಯೋಚಿಸಿ

ಸುರಂಗ ದಾಟಿದ ಮೇಲೆ ಸಿಲ್ವರ್‌ಥಾರ್ನ್ ಊರಿನ ತನಕ 2,400 ಅಡಿಯಷ್ಟು ಇಳಿಜಾರು. ಬ್ರೇಕ್ ಹೋದ ಲಾರಿಗಳನ್ನು ತಡೆಯಲು ಪಕ್ಕದಲ್ಲಿ ಜಲ್ಲಿ ತುಂಬಿದ ಕವಲುದಾರಿಗಳನ್ನೇ ಕಟ್ಟಿದ್ದಾರೆ. ಆಗುಂಬೆ, ಚಾರ್ಮಾಡಿಯಲ್ಲಿ ತಿರುವುಗಳೇ ನಮ್ಮನ್ನು ನಿಧಾನ ಮಾಡುತ್ತವೆ. ಇಲ್ಲಿ ರಸ್ತೆ ಅಗಲ, ನೇರ. ಗಾಡಿ ತಾನಾಗಿಯೇ ಓಡತೊಡಗುತ್ತದೆ.

ಇಲ್ಲಿ ಹಳೆಯ ದೊಡ್ಡ ವಿ8 ಮೇಲು. ಕೆಳಗಿನ ಗೇರ್‌ನಲ್ಲಿ ಅದು ಗಾಡಿಯನ್ನು ಚೆನ್ನಾಗಿ ಹಿಡಿಯುತ್ತದೆ. ಸಣ್ಣ ಟರ್ಬೊ ಎಂಜಿನ್‌ಗೆ ಆ ಹಿಡಿತ ಕಡಿಮೆ. ಡೀಸೆಲ್‌ಗೆ ಎಕ್ಸಾಸ್ಟ್ ಬ್ರೇಕ್ ಇದ್ದರೆ ಕಾಲು ಬ್ರೇಕ್ ಮೇಲೆ ಹೋಗುವುದೇ ಅಪರೂಪ, ಇಲ್ಲದಿದ್ದರೆ ಹಿಡಿತ ಇಲ್ಲವೇ ಇಲ್ಲ ಅನ್ನಬಹುದು. ಟರ್ಬೊ ಪೆಟ್ರೋಲ್ ಕೊಂಡವರು ಟೋ-ಹಾಲ್ ಮೋಡ್ (ಭಾರ ಎಳೆಯುವಾಗ ಗೇರ್ ಬದಲಾಗುವ ರೀತಿಯನ್ನು ಹೊಂದಿಸುವ ಗುಂಡಿ) ಹಾಕಿ, ಇಳಿಜಾರು ಶುರುವಾಗುವ ಮೊದಲೇ ವೇಗ ಇಳಿಸಿ, ಗೇರ್ ಇಳಿಸಿ. ಬ್ರೇಕ್ ಒತ್ತಿಕೊಂಡೇ ಇರಬೇಡಿ. ಗಟ್ಟಿಯಾಗಿ ಒತ್ತಿ ವೇಗವನ್ನು ಗಂಟೆಗೆ 10 ಮೈಲಿಯಷ್ಟು ಇಳಿಸಿ, ಬಿಡಿ. ತಣ್ಣಗಾಗಲಿ. ಕ್ಯಾಂಪರ್‌ನ ಬ್ರೇಕ್ ಹಿಡಿಯುವ ಕಂಟ್ರೋಲರ್ ಕಂಪನಿಯಿಂದಲೇ ಬಂದಿರುವ ಟ್ರಕ್ ಕೊಳ್ಳಿ.

ಹೆಜ್ಜೆ 6: ಉಳಿದ ಆಯ್ಕೆಗಳು

3.55 ಅಥವಾ 3.73 ಗೇರ್ ಅನುಪಾತದ ಆಕ್ಸಲ್ (ಸಂಖ್ಯೆ ಹೆಚ್ಚಿದಷ್ಟೂ ಎಳೆಯುವ ಬಲ ಹೆಚ್ಚು), ದೊಡ್ಡ ಕೂಲರ್ ಇರುವ ಟೋಯಿಂಗ್ ಪ್ಯಾಕೇಜ್, ಉದ್ದ ಕನ್ನಡಿ. ಮೂರೂ ಬೇಕು.

ಹೆಜ್ಜೆ 7: ಭಾರ ಕಟ್ಟಿ ಓಡಿಸಿ ನೋಡಿ

ಖಾಲಿ ಟ್ರಕ್ ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಡೀಲರ್ ಹತ್ತಿರ ಟ್ರೈಲರ್ ಕೇಳಿ, ಇಲ್ಲದಿದ್ದರೆ ಗೆಳೆಯರ ಕ್ಯಾಂಪರ್ ಕಟ್ಟಿಕೊಂಡು ಹೋಗಲು ಒಪ್ಪಿಗೆ ಪಡೆಯಿರಿ. ಗೋಲ್ಡನ್ ಊರಿನಿಂದ ಐ-70 ಹಿಡಿದು ಜೆನೆಸಿ ಕಡೆ ಹತ್ತುವ ಏರು ಇದಕ್ಕೆ ಸರಿಯಾದ ಜಾಗ. ಎಸಿ ಹಾಕಿಕೊಂಡೇ ಹತ್ತಿ. ಆರ್‌ಪಿಎಮ್ ಎಷ್ಟು, ಗೇರ್ ಎಷ್ಟು ಸಲ ಬದಲಾಗುತ್ತದೆ, ಟ್ರಾನ್ಸ್‌ಮಿಷನ್ ಬಿಸಿ ಎಷ್ಟು ಅನ್ನುವುದನ್ನು ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ. ಬಿಸಿ 230 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಏರುತ್ತಲೇ ಹೋದರೆ ಆ ಭಾರಕ್ಕೆ ಆ ಟ್ರಕ್ ಸಾಲದು. ಮೇಲೆ ತಿರುಗಿಸಿಕೊಂಡು ಅದೇ ದಾರಿಯಲ್ಲಿ ಇಳಿಯಿರಿ, ಕಾಲು ಬ್ರೇಕ್‌ನಿಂದ ತೆಗೆದು ಗೇರ್ ಎಷ್ಟು ಹಿಡಿಯುತ್ತದೆ ನೋಡಿ. ಭಾರ ಕಟ್ಟಿ ಓಡಿಸಲು ಒಪ್ಪದ ಡೀಲರ್ ಹತ್ತಿರ ಸಹಿ ಹಾಕಬೇಡಿ, ಇನ್ನೊಂದು ಅಂಗಡಿಗೆ ಹೋಗಿ.