ಊರಿನ ಕೆಲಸಕ್ಕೆ ಕಾಲೇಜು ಫೀಸು: ಪಾಂಡವಪುರದ ಕಡೆ ನಾವು ಮಾಡಿದ್ದು

ಈ ಸಲವೂ ಹದಿನಾಲ್ಕು ಹದಿನೈದು ಮಕ್ಕಳ ಕಾಲೇಜು ಫೀಸು ಕಟ್ಟಿ ಮುಗಿಸಿದೆವು. ಅಷ್ಟೂ ಮಕ್ಕಳು ಅದಕ್ಕೆ ಬದಲಾಗಿ ಊರಿನ ಕೆಲಸ ಮಾಡಿದ್ದಾರೆ, ಗಂಟೆ ಲೆಕ್ಕದಲ್ಲಿ. ಶುರು ಮಾಡಿದಾಗ "ಮೂರು ತಿಂಗಳು ನಡೆದರೆ ಹೆಚ್ಚು" ಅಂದವರೇ ಈಗ ಕೆ.ಆರ್. ಪೇಟೆ, ಮಳವಳ್ಳಿ ಕಡೆಯಿಂದ ಫೋನ್ ಮಾಡಿ ವಿವರ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ ನಡೆಸಿದವರಿಗೆ, ಯುವಕ ಸಂಘ ಕಟ್ಟಿದವರಿಗೆ ಬರೆಯುತ್ತಿರುವುದು ಇದು. ಹಾಜರಿ, ನಡಾವಳಿ, ಬ್ಯಾಂಕ್ ಖಾತೆ ಇವೆಲ್ಲ ನಿಮಗೆ ಗೊತ್ತಿರೋದೇ.

ನಾನು ಬಹಳ ವರ್ಷ ಎನ್‌ಎಸ್‌ಎಸ್ ಅಧಿಕಾರಿಯಾಗಿದ್ದೆ. ಎರಡು ವರ್ಷಕ್ಕೆ 240 ಗಂಟೆ, ಒಂದು ವಾರದ ಕ್ಯಾಂಪ್. 1969ರಲ್ಲಿ ಶುರುವಾದ ಯೋಜನೆ, ಒಳ್ಳೆಯ ಲೆಕ್ಕವೇ. ಆದರೆ ಹೆಸರು ಕೊಡದ ಮಕ್ಕಳು ಯಾರು ಅಂತ ನೋಡಿದರೆ ಪ್ರತಿ ವರ್ಷವೂ ಅವರೇ. ಭಾನುವಾರ ಮದುವೆ ಮನೆಯಲ್ಲಿ ಬಡಿಸೋಕೆ ಹೋಗುವ ಹುಡುಗ. ಕಬ್ಬು ಕಡಿಯೋಕೆ, ಆಲೆಮನೆಗೆ ಹೋಗುವವನು. ಒಂದು ಹೊತ್ತು ಬಡಿಸಿದರೆ ನಾನೂರು ಐನೂರು ಸಿಗುತ್ತೆ. ಅದನ್ನು ಬಿಟ್ಟು ಅವನು ಕಲ್ಯಾಣಿ ಹೂಳೆತ್ತೋಕೆ ಬಾ ಅಂದರೆ ಬರ್ತಾನಾ? ಪುಕ್ಕಟೆ ಸೇವೆ ಮಾಡೋಕೂ ಮನೆಯಲ್ಲಿ ಒಂದಿಷ್ಟು ಅನುಕೂಲ ಬೇಕು. ನಾನು ಇಷ್ಟೆಲ್ಲ ಓಡಾಡಿದ್ದಕ್ಕೆ ಕಾರಣ ಇದೊಂದೇ.

"ದುಡ್ಡು ಕೊಟ್ಟ ಮೇಲೆ ಅದು ಸೇವೆ ಹೆಂಗಾಗುತ್ತೆ?" ಅಂತ ನನ್ನ ಜೊತೆಗಿದ್ದ ಮೇಷ್ಟ್ರುಗಳೇ ಕೇಳಿದರು. ಅಮೆರಿಕದಲ್ಲಿ ಇದನ್ನು ದೇಶದ ಮಟ್ಟದಲ್ಲೇ ಮಾಡುತ್ತಾರೆ. 1993ರಲ್ಲಿ ಕಾನೂನು ಮಾಡಿ, ಮರುವರ್ಷ ಅಮೆರಿಕಾರ್ಪ್ಸ್ ಅನ್ನೋ ಸೇವಾ ಯೋಜನೆ ಶುರು ಮಾಡಿದರು. ಯಾರಿಗೂ ಬಲವಂತ ಇಲ್ಲ. ಪೂರ್ತಿ ಅವಧಿ ಅಂದರೆ 1,700 ಗಂಟೆ ಕೆಲಸ. ಅದು ಮುಗಿದರೆ ಓದಿಗೆ ಅಂತ ಒಂದು ಮೊತ್ತ ಸಿಗುತ್ತೆ. ಆ ದುಡ್ಡು ಹುಡುಗರ ಕೈಗೆ ಬರುವುದಿಲ್ಲ, ಕಾಲೇಜಿಗೋ ಓದಿನ ಸಾಲಕ್ಕೋ ನೇರ ಹೋಗುತ್ತೆ. ಏಳು ವರ್ಷದೊಳಗೆ ಬಳಸಿಕೊಳ್ಳಬೇಕು. 300 ಗಂಟೆ ಮಾತ್ರ ಮಾಡುವವರಿಗೂ ಅದರಲ್ಲಿ ಐದನೇ ಒಂದು ಭಾಗದಷ್ಟು ಸಿಗುತ್ತೆ. ಪೂರ್ತಿ ಅವಧಿಯವರಿಗೆ ಕೆಲಸ ಮಾಡುವಷ್ಟು ದಿನ ಹೊಟ್ಟೆಪಾಡಿಗೂ ಕೊಡುತ್ತಾರೆ. ನಾನು ಅಲ್ಲಿಂದ ತಗೊಂಡಿದ್ದು ಇಷ್ಟೇ: ಗಂಟೆ ಎಣಿಸು, ಕೈಗೆ ಕೊಡಬೇಡ, ಮಾಡಿದಷ್ಟಕ್ಕೆ ಕೊಡು. ಊರಿನ ಹಿರಿಯರಿಗೆ ಅಮೆರಿಕದ ಕಥೆ ಹೇಳಲಿಲ್ಲ. "ನಾಟಿ ಕಾಲದಲ್ಲಿ ಮುಯ್ಯಾಳು ಹೋಗಲ್ವಾ, ಹಂಗೇ" ಅಂದೆ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಅನ್ನೋ ಲೆಕ್ಕ ಅದು. ಮರುಪ್ರಶ್ನೆ ಬರಲಿಲ್ಲ.

ಈಗ ದುಡ್ಡಿನ ವಿಷಯ. ಎಲ್ಲರೂ ಮುಗ್ಗರಿಸುವುದು ಇಲ್ಲೇ.

ಮೊದಲ ವರ್ಷ ಫೀಸು ಮುಂಚೆ ಕಟ್ಟಿ, ಕೆಲಸ ಆಮೇಲೆ ಅಂತ ಇಟ್ಟುಕೊಂಡೆವು. ದಸರಾ ಕಳೆಯುವಷ್ಟರಲ್ಲಿ ಅರ್ಧ ಜನ ಕಾಣಲಿಲ್ಲ. ಮರುವರ್ಷ ಅದನ್ನು ತಿರುಗಿಸಿದೆವು, ಕೆಲಸ ಪೂರ್ತಿ ಮುಗಿದ ಮೇಲೆ ದುಡ್ಡು. ಮಕ್ಕಳು ನಿಯತ್ತಾಗಿ ದುಡಿದರು. ಆದರೆ ಫೀಸು ಕಟ್ಟೋ ಹೊತ್ತಿಗೆ ನಮ್ಮ ದುಡ್ಡು ಇನ್ನೂ ಬಂದಿರಲಿಲ್ಲ, ಅಪ್ಪಂದಿರು ಬಡ್ಡಿಗೆ ಸಾಲ ತಂದರು. ಬಡ್ಡಿ ಕಟ್ಟಿಸಿ ಸಹಾಯ ಮಾಡಿದ ಹಾಗಾಯಿತು.

ದಾರಿ ಸಿಕ್ಕಿದ್ದು ದ್ವಿತೀಯ ಪಿಯುಸಿ ಪರೀಕ್ಷೆಗೂ ಡಿಗ್ರಿ ಅಡ್ಮಿಷನ್‌ಗೂ ನಡುವೆ ಇರುವ ಬಿಡುವಿನಲ್ಲಿ. ಹೆಚ್ಚುಕಡಿಮೆ ಎರಡು ತಿಂಗಳು. ಆಗ ನಮ್ಮ ಹುಡುಗರು ಬೆಂಗಳೂರಿನಲ್ಲಿ ಅಂಗಡಿಗೋ ಗೋಡೌನಿಗೋ ಸೇರಿಕೊಳ್ಳುತ್ತಾರೆ, ಕೆಲವರು ಅಲ್ಲೇ ಉಳಿದೂ ಬಿಡುತ್ತಾರೆ. ಆ ಎರಡು ತಿಂಗಳನ್ನು ನಾವು ಹಿಡಿದುಕೊಂಡೆವು. ಅಷ್ಟರಲ್ಲಿ ನೂರು ಗಂಟೆ ಮುಗಿದರೆ ಅಡ್ಮಿಷನ್ ದಿನ ಮೊದಲ ಕಂತು. ಉಳಿದದ್ದು ವರ್ಷದಲ್ಲಿ, ಭಾನುವಾರ ಮತ್ತು ರಜೆಯಲ್ಲಿ. ಎರಡನೇ ಸೆಮಿಸ್ಟರ್ ಫೀಸಿಗೆ ಎರಡನೇ ಕಂತು. ವರ್ಷಕ್ಕೆ ಒಟ್ಟು 240 ಗಂಟೆ. ಹೀಗೆ ಮಾಡಿದ ಮೇಲೆ ನಡುವೆ ಬಿಟ್ಟು ಹೋದವರು ಒಬ್ಬಿಬ್ಬರು ಇರಬಹುದು, ಅಷ್ಟೇ.

ಗಂಟೆಗೆ ಎಷ್ಟು? ನಲವತ್ತು ರೂಪಾಯಿ ಇಟ್ಟಾಗ ಕೂಲಿ ಗೆದ್ದಿತು, ಹುಡುಗರು ಗದ್ದೆಗೆ ಹೋದರು. ನೂರು ಇಟ್ಟಾಗ ಸಂಕ್ರಾಂತಿಗೇ ಖಾತೆ ಖಾಲಿ. ಎಪ್ಪತ್ತೈದಕ್ಕೆ ನಿಂತಿದ್ದೇವೆ. 240 ಗಂಟೆಗೆ 18 ಸಾವಿರ. ಸರ್ಕಾರಿ ಕಾಲೇಜಿಗೆ ಅಷ್ಟು ಬೇಕಾಗಲ್ಲ, ಉಳಿದದ್ದು ಹಾಸ್ಟೆಲ್‌ಗೋ ಪುಸ್ತಕಕ್ಕೋ ಅಂಗಡಿಗೇ ನೇರ ಹೋಗುತ್ತೆ. ಖಾಸಗಿ ಕಾಲೇಜಿನ ಬಿ.ಕಾಂಗೆ ಮುಕ್ಕಾಲು ಪಾಲು ತೂಗುತ್ತೆ. ಮೊದಲು ಮೈಸೂರಿಗೆ ಓಡಾಡುವ ಎಲ್ಲರಿಗೂ ಪಾಸಿನ ದುಡ್ಡು ಬೇರೆ ಕೊಡುತ್ತಿದ್ದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ಆ ಖರ್ಚು ಅರ್ಧಕ್ಕರ್ಧ ಇಳಿಯಿತು. ಅದರಿಂದ ಇನ್ನೂ ಇಬ್ಬರನ್ನು ಸೇರಿಸಿಕೊಂಡೆವು.

ಫೀಸು ಕಟ್ಟುವಾಗ ಹುಡುಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ಅವನ ಲಾಗಿನ್‌ನಿಂದಲೇ ಕಟ್ಟುತ್ತೇವೆ, ರಶೀದಿ ಪುಸ್ತಕಕ್ಕೆ ಅಂಟಿಸುತ್ತೇವೆ. ಒಂದು ಕಾಲೇಜಿನಲ್ಲಿ ಕೇಳಿದ ದುಡ್ಡಿಗೂ ಕೊಟ್ಟ ರಶೀದಿಗೂ ತಾಳೆಯೇ ಇರಲಿಲ್ಲ. ಅವತ್ತಿನಿಂದ ರಶೀದಿ ಇಲ್ಲದೆ ಒಂದು ರೂಪಾಯಿಯೂ ಹೊರಗೆ ಹೋಗಿಲ್ಲ.

ವರ್ಷಕ್ಕೆ ಎರಡೂವರೆ ಲಕ್ಷದ ಹತ್ತಿರ ಬೇಕು. ಅರ್ಧ ಬೆಂಗಳೂರಿನಲ್ಲಿರುವ ನಮ್ಮೂರ ಮಕ್ಕಳಿಂದ, ತಿಂಗಳಿಗೆ ಇಷ್ಟು ಅಂತ. ಉಳಿದರ್ಧ ಹಾಲಿನ ಡೈರಿಯಿಂದ. ಬೋನಸ್ ಹಂಚುವ ದಿನ ಡೈರಿ ಮುಂದೆ ಮೇಜು ಹಾಕಿಕೊಂಡು ಕೂರುತ್ತೇವೆ, ನೂರು ಇನ್ನೂರು ಕೊಟ್ಟೇ ಹೋಗುತ್ತಾರೆ. ಒಬ್ಬರು ಪೂರ್ತಿ ದುಡ್ಡು ನಾನೇ ಕೊಡ್ತೀನಿ, ಫೋಟೋ ಇರೋ ಫ್ಲೆಕ್ಸ್ ಹಾಕಿಸಿ ಅಂದರು. ಬೇಡ ಅಂದೆವು. ನೂರು ಕೊಟ್ಟ ನೂರಾರು ಜನ ಲೆಕ್ಕ ಕೇಳ್ತಾರೆ, ಅದು ಬೇಕು ನನಗೆ. ಒಂದು ಸಲ ಕೊಟ್ಟವರು ಮರುವರ್ಷವೂ ತಾವಾಗಿಯೇ ಕೊಡುವ ಹಾಗೆ ಏನು ಮಾಡುತ್ತೇವೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಊರಿಗೆ ಬನ್ನಿ, ತೋರಿಸ್ತೀನಿ.

ಇನ್ನು ಗಂಟೆ ಪುಸ್ತಕ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇದು. ಒಂದು ದಪ್ಪ ಲಾಂಗ್ ಬುಕ್, ಗೆರೆ ಎಳೆದು ಮಾಡಿದ ಆರು ಕಾಲಂ. ತಾರೀಖು, ಬಂದ ಹೊತ್ತು, ಹೋದ ಹೊತ್ತು, ಯಾರ ಮನೆ, ಏನು ಕೆಲಸ, ಕೊನೆಯದು ಸಹಿ. ಮೊದಲು ಮಕ್ಕಳೇ ಗಂಟೆ ಬರೆದು ಸಹಿ ಹಾಕುತ್ತಿದ್ದರು. ಎರಡು ಗಂಟೆ ಕೆಲಸ ನಾಲ್ಕಾಗುತ್ತಿತ್ತು. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿದೆವು: ಕೆಲಸ ಮಾಡಿಸಿಕೊಂಡವರೇ ಸಹಿ ಹಾಕಬೇಕು. ಓದು ಬರದಿದ್ದರೆ ಹೆಬ್ಬೆಟ್ಟು, ನೇರಳೆ ಶಾಯಿಯ ಪ್ಯಾಡ್ ಪುಸ್ತಕದ ಜೊತೆಗೇ ಇರುತ್ತೆ. ಪಹಣಿಗೆ ಆಧಾರ್ ಜೋಡಿಸುವ ಗಲಾಟೆ ನಡೆದಾಗ ಆ ಕೆಲಸಕ್ಕೆ ಹೋಗಿದ್ದ ನಮ್ಮ ಹುಡುಗಿಯ ಗಂಟೆಗೆ ಒಬ್ಬ ಅಜ್ಜಿ ಹೆಬ್ಬೆಟ್ಟು ಹಾಕೋದಿಲ್ಲ ಅಂತ ಕೂತರು. "ನಂಬರು ಬರಕ್ ಮುಂಚೇನೇ ಎದ್ದೋದ್ಲು ಕಣ್ ಮೇಷ್ಟ್ರೇ, ನಾನ್ಯಾಕ್ ಒತ್ಲಿ?" ಆ ಹುಡುಗಿ ಮಾರನೇ ದಿನ ಮತ್ತೆ ಹೋಗಿ, ಓಟಿಪಿ ಬರುವವರೆಗೂ ಜಗಲಿ ಮೇಲೆ ಕಾದಿದ್ದು, ಕೆಲಸ ಮುಗಿಸಿಯೇ ಬಂದಳು. ಆಮೇಲಿನ ಸಾಲಿನಲ್ಲಿ ಆ ಅಜ್ಜಿಯದು ಎರಡು ಹೆಬ್ಬೆಟ್ಟಿದೆ. ಯಾವ ಅಧಿಕಾರಿಯ ತಪಾಸಣೆಯೂ ಇಷ್ಟು ಬಿಗಿಯಾಗಿ ನಡೆಯೋದಿಲ್ಲ.

ಕೆಲಸ ಯಾವುದು ಅನ್ನೋದನ್ನು ನಾವು ತೀರ್ಮಾನ ಮಾಡೋದಿಲ್ಲ, ಊರು ಕೇಳಬೇಕು. ಜಾಸ್ತಿ ಬರುವುದು ಕಾಗದದ ಕೆಲಸವೇ. ಪಿಂಚಣಿ, ರೇಷನ್ ಕಾರ್ಡ್, ಗೃಹಲಕ್ಷ್ಮಿ. ಬೇಸಿಗೆಯಲ್ಲಿ ಕಲ್ಯಾಣಿ, ಕಾಲುವೆ ಹೂಳು. ಅದೂ ಬೆಳಗ್ಗೆ 6ರಿಂದ 9, ಬಿಸಿಲೇರಿದ ಮೇಲೆ ಬೇಡ. ಚರಂಡಿ, ಕಸದ ಕೆಲಸ ಹಚ್ಚಿದಾಗ ಮನೆಮನೆಯಿಂದ ಜಗಳ ಬಂತು, ಅದನ್ನು ಬಿಟ್ಟೆವು. ಹೊಂಗೆ ಸಸಿ ನೆಟ್ಟು ಒಂದು ವರ್ಷ ನೋಡಿದೆವು, ಮೇಕೆಗಳ ಪಾಲಾಯಿತು.

ಸುಮ್ನೆ ಒಂದು ಪ್ರಯೋಗ ಅಂತ ಶುರು ಮಾಡಿದ್ದು ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಸಂಜೆ ಗಣಿತ. ಒಬ್ಬ ಡಿಗ್ರಿ ಹುಡುಗನಿಗೆ ಇಬ್ಬರು ಹತ್ತನೇ ಕ್ಲಾಸಿನವರು, ಅದಕ್ಕಿಂತ ಜಾಸ್ತಿ ಬೇಡ. ಎಂಟು ಹತ್ತು ಜನರನ್ನು ಕೂರಿಸಿ ನೋಡಿದೆವು, ಅದು ಟ್ಯೂಷನ್ ಆಗಿ ಹೋಯಿತು, ಹಿಂದಿನ ಸಾಲಿನವರು ಹಿಂದೆಯೇ ಉಳಿದರು. ಇಬ್ಬರಿದ್ದರೆ ತಪ್ಪಿಸಿಕೊಳ್ಳೋಕೆ ಆಗಲ್ಲ. ಹೋದ ವರ್ಷ ತಪ್ಪದೆ ಬಂದವರಲ್ಲಿ ಗಣಿತದಲ್ಲಿ ಫೇಲಾಗಿದ್ದು ಒಬ್ಬನೇ, ಅವನೂ ಎರಡನೇ ಪರೀಕ್ಷೆಯಲ್ಲಿ ಪಾಸಾದ. ಹೀಗೆ ಕಲಿತು ಪಿಯುಸಿ ಮುಗಿಸಿದ ಮಕ್ಕಳೇ ಈಗ ಕಲಿಸೋಕೆ ಬರುತ್ತಿದ್ದಾರೆ. ಇದು ನಾನು ಯೋಚಿಸಿ ಮಾಡಿದ್ದಲ್ಲ. ಆದರೆ ಈ ಯೋಜನೆಯಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಇದೇ.

ಒಂದು ನಿಯಮ ಮಾತ್ರ ಮೊದಲ ದಿನದಿಂದ ಬಿಟ್ಟಿಲ್ಲ. ಯಾವ ಹುಡುಗನೂ ಬರೀ ತನ್ನ ಕೇರಿಯಲ್ಲಿ ಕೆಲಸ ಮಾಡುವ ಹಾಗಿಲ್ಲ, ಒಟ್ಟು ಗಂಟೆಗಳಲ್ಲಿ ಅರ್ಧದಷ್ಟು ಬೇರೆ ಕೇರಿಯಲ್ಲೇ ಆಗಬೇಕು. ಕೆಲವು ಮನೆಯವರು "ನಮ್ಮ ಹುಡುಗಿ ಅಲ್ಲಿಗೆ ಹೋಗಲ್ಲ" ಅಂದರು, ಕೆಲವರು ಅಲ್ಲಿಂದ ಬಂದವರನ್ನು ಜಗಲಿಯಲ್ಲೇ ನಿಲ್ಲಿಸಿದರು. ಅವರನ್ನು ಹೇಗೆ ಒಪ್ಪಿಸಿದೆವು ಅಂತ ಹೇಳಿದರೆ ಇಲ್ಲಿ ಕೆಲವರಿಗೆ ಮುಜುಗರ ಆಗುತ್ತೆ, ಅದಕ್ಕೇ ಬಿಡ್ತೀನಿ. ನಿಯಮ ನಿಂತಿದೆ. ಈಗ ಮಳೆಗಾಲದಲ್ಲಿ ಒಳಗೇ ಕೂರಿಸುತ್ತಾರೆ.

ಇನ್ನೂ ಬಗೆಹರಿಯದೆ ಉಳಿದಿರುವುದು ನರ್ಸಿಂಗ್ ಓದುವವರ ಫೀಸು. 18 ಸಾವಿರ ಅದರ ಮೂಲೆಗೂ ಸಾಲದು, ಕ್ಲಿನಿಕಲ್ ಡ್ಯೂಟಿ ಮಧ್ಯೆ ಅವರಿಗೆ ಗಂಟೆಯೂ ಸಿಗಲ್ಲ. ಈ ಸಲ ಇಬ್ಬರು ಹುಡುಗಿಯರಿಗೆ 450 ಗಂಟೆ ಅಂತ ಬೇರೆ ಲೆಕ್ಕ ಹಾಕಿದ್ದೇವೆ. ವಯಸ್ಸಾದವರ ಬಿಪಿ ನೋಡಿ ಬರೆದಿಡುವುದು, ಮಾತ್ರೆ ಸರಿಯಾಗಿ ತಗೊಂಡರಾ ಅಂತ ವಿಚಾರಿಸುವುದು ಅವರ ಕೆಲಸ. ಎರಡು ವರ್ಷಕ್ಕೆ ಹಂಚಿದ್ದೇವೆ. ನಡೆಯುತ್ತೆ ಅನ್ನೋ ನಂಬಿಕೆ ಇದೆ, ಅಜ್ಜಂದಿರು ಈಗಲೇ ಇವತ್ತು ಯಾರು ಬರ್ತಾರೆ ಅಂತ ಕೇಳೋಕೆ ಶುರು ಮಾಡಿದ್ದಾರೆ.

ನಿಮ್ಮೂರಲ್ಲಿ ಶುರು ಮಾಡೋದಾದರೆ ಪಿಯುಸಿ ಪರೀಕ್ಷೆ ಮುಗಿಯುವ ವಾರದಲ್ಲೇ ಮಕ್ಕಳ ಮನೆಗೆ ಹೋಗಿ, ಅಪ್ಪ ಅಮ್ಮ ಇಬ್ಬರೂ ಇರುವಾಗ ಮಾತಾಡಿ. ಒಂದು ವಾರ ತಡವಾದರೆ ಅರ್ಧ ಹುಡುಗರು ಬೆಂಗಳೂರಿನ ಬಸ್ ಹತ್ತಿರುತ್ತಾರೆ.