ಮಳೆಗಾಲದ ತರಗತಿಯಲ್ಲಿ ಕೆಮ್ಮು ನೆಗಡಿ: ನಾನು ಮಾಡಿಕೊಂಡ ಏರ್ಪಾಡು

ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ ತರಗತಿಯನ್ನು ನೋಡಿಕೊಳ್ಳುತ್ತೇನೆ. 1ರಿಂದ 3ನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಮುಖಾಮುಖಿ ಕುಳಿತು, ಒಬ್ಬರು ಮುಟ್ಟಿಟ್ಟ ಕಾರ್ಡನ್ನು ಇನ್ನೊಬ್ಬರು ಎತ್ತಿಕೊಂಡು ಕಲಿಯುವ ಕ್ರಮವಿದು. ಕಲಿಕೆಗೆ ಇದು ಎಷ್ಟು ಅನುಕೂಲವೋ ನೆಗಡಿ ಹರಡುವುದಕ್ಕೂ ಅಷ್ಟೇ ಅನುಕೂಲ. ಮಳೆ ಹಿಡಿದ ಮೇಲೆ ಒಂದು ಮಗು ಸೀನಲು ಶುರುಮಾಡಿದರೆ, ವಾರದೊಳಗೆ ಅರ್ಧ ತರಗತಿ ಗೊಣ್ಣೆ ಸುರಿಸಿಕೊಂಡು ಕೂತಿರುತ್ತಿತ್ತು.

2021ರ ಅಕ್ಟೋಬರ್ 25ರಂದು ಸಣ್ಣ ತರಗತಿಗಳು ಮತ್ತೆ ತೆರೆದಾಗ ಮಾಸ್ಕು, ಸ್ಯಾನಿಟೈಸರು, ಅಂತರ ಎಲ್ಲವೂ ಇದ್ದವು. ಮುಂದಿನ ಮಳೆಗಾಲದ ಹೊತ್ತಿಗೆ ಅವುಗಳಲ್ಲಿ ಉಳಿದದ್ದು ಗೋಡೆಯ ಮೇಲಿನ ಭಿತ್ತಿಪತ್ರ ಮಾತ್ರ. ದಿನವೂ ಬಾಯಲ್ಲಿ ಹೇಳಿದ್ದು ಮಕ್ಕಳ ಕೈಗೆ ಇಳಿಯುವುದಿಲ್ಲವೆಂದು ಅರ್ಥವಾದ ಮೇಲೆ, ಹೇಳುವುದನ್ನು ಕಡಿಮೆ ಮಾಡಿ ಕೋಣೆಯ ವ್ಯವಸ್ಥೆಯನ್ನೇ ಬದಲಿಸತೊಡಗಿದೆ.

ಮೊದಲು ಕೈಹಾಕಿದ್ದು ಕಿಟಕಿಗೆ. ಮಳೆಯಲ್ಲಿ ನೆನೆದರೆ ಶೀತವಾಗುತ್ತದೆಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ; ಆದರೆ ನೆಗಡಿ ತರುವುದು ವೈರಾಣು, ಮಳೆನೀರಲ್ಲ. ಮಳೆಯ ನೆಪದಲ್ಲಿ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ, ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಗಂಟೆಗಟ್ಟಲೆ ಎಳೆದುಕೊಳ್ಳುವಂತೆ ಮಾಡುತ್ತೇವಲ್ಲ, ಅದು ಹೆಚ್ಚಿನ ತೊಂದರೆ. ಕೆಮ್ಮಿದಾಗ ಹಾರುವ ದಪ್ಪ ಹನಿಗಳು ಹತ್ತಿರದಲ್ಲೇ ಬೀಳುತ್ತವೆ, ಸಣ್ಣ ಕಣಗಳು ಮಾತ್ರ ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ. ಆದರೆ ಪಡುವಣ ಗಾಳಿಗೆ ಇರಚಲು ಹೊಡೆಯುವಾಗ ಕಿಟಕಿ ತೆರೆದಿಡಿ ಎನ್ನುವುದು ಸುಲಭವಲ್ಲ. ಒಂದು ದಿನ ತೆರೆದಿಟ್ಟು ಕಾರ್ಡುಗಳನ್ನೆಲ್ಲ ನೆನೆಸಿ ಮುಖ್ಯ ಶಿಕ್ಷಕಿಯವರಿಂದ ಬೈಸಿಕೊಂಡೆ. ಕೊನೆಗೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಸದಸ್ಯರೊಬ್ಬರು, ಮಳೆಗಾಲದಲ್ಲಿ ಮನೆಯ ಗೋಡೆಗೆ ಕಟ್ಟುವಂತೆಯೇ ಅಡಿಕೆ ಸೋಗೆಯ ತಟ್ಟಿ ಹೆಣೆದುಕೊಟ್ಟರು. ಅದನ್ನು ಗೋಡೆಗೆ ಒತ್ತಿ ಕಟ್ಟದೆ, ಕಿಟಕಿಯ ಹೊರಗೆ ಇಳಿಜಾರಾಗಿ ಕಟ್ಟಿಸಿದೆವು. ನೀರು ಹೊರಗೇ ಇಳಿದು ಹೋಗುತ್ತದೆ, ಗಾಳಿ ಕೆಳಗಿನಿಂದ ಒಳಗೆ ಬರುತ್ತದೆ. ಮೂಡಣ ದಿಕ್ಕಿನ ಕಿಟಕಿ ಮತ್ತು ಬಾಗಿಲು ಈಗ ಇಡೀ ದಿನ ತೆರೆದಿರುತ್ತವೆ. ಕೋಣೆ ಸ್ವಲ್ಪ ಥಂಡಿಯಾಗುವುದು ನಿಜ, ಅದಕ್ಕೆ ಸ್ವೆಟರು ಇದೆ.

ಎರಡನೆಯದು ಸ್ಲೇಟು. ಉಗುಳು ಹಾಕಿ ಅಂಗೈಯಿಂದ ಸ್ಲೇಟು ಒರೆಸುವ ಅಭ್ಯಾಸ ನಮ್ಮ ಕಾಲದಿಂದಲೂ ಬಂದದ್ದು, ನಾನೂ ಹಾಗೆಯೇ ಅಕ್ಷರ ಕಲಿತವಳು. ಆದರೆ ಅದೇ ಕೈ ಮರುಕ್ಷಣ ಪಕ್ಕದವರ ಕಾರ್ಡಿನ ಮೇಲಿರುತ್ತದೆ, ಆಮೇಲೆ ಕಣ್ಣು ಮೂಗಿಗೆ ಹೋಗುತ್ತದೆ. ಪ್ರತಿ ಮೇಜಿನ ಮೇಲೆ ಒಂದು ಒದ್ದೆ ಬಟ್ಟೆ ಇಟ್ಟು, ಸಂಜೆ ಅದನ್ನು ಸೋಪು ಹಾಕಿ ಒಗೆದು ಒಣಗಲು ಹಾಕುವ ಸರದಿಯನ್ನು ಮಕ್ಕಳಿಗೇ ವಹಿಸಿದೆ. ವಿವರಿಸಲು ನಾನು ಬಳಸಿದ ಪದ ‘ವೈರಾಣು’ ಅಲ್ಲ, ‘ಎಂಜಲು’. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದನ್ನು ಮನೆಯಲ್ಲೇ ಕಲಿತು ಬಂದ ಮಕ್ಕಳಿಗೆ, ಸ್ಲೇಟೂ ಎಂಜಲಾಗುತ್ತದೆಂದು ತಿಳಿಯಲು ಎರಡು ದಿನವೂ ಬೇಕಾಗಲಿಲ್ಲ.

ಸೋಪಿನದು ಸಣ್ಣ ಕತೆ. ನಲ್ಲಿಯ ಬಳಿ ಇಟ್ಟ ಸೋಪು ಒಂದೋ ಚರಂಡಿಗೆ ಬೀಳುತ್ತಿತ್ತು, ಇಲ್ಲವೇ ಕಾಗೆಯ ಪಾಲಾಗುತ್ತಿತ್ತು. ಈರುಳ್ಳಿ ಬರುವ ಬಲೆಚೀಲದ ತುಂಡಿನಲ್ಲಿ ಕಟ್ಟಿ ನಲ್ಲಿಗೆ ತೂಗುಹಾಕಿದ ಮೇಲೆ ಅದು ಅಲ್ಲೇ ಉಳಿಯಿತು. ಕೈಯನ್ನು ಇಪ್ಪತ್ತು ಸೆಕೆಂಡಾದರೂ ಉಜ್ಜಬೇಕಾದ್ದರಿಂದ, ಎರಡರ ಮಗ್ಗಿಯನ್ನು ಅವಸರವಿಲ್ಲದೆ ಒಮ್ಮೆ ಹೇಳಿ ಮುಗಿಸುವವರೆಗೆ ಉಜ್ಜಬೇಕೆಂದು ಗೊತ್ತುಮಾಡಿದೆ. ಬೆಳಗಿನ ಹಾಲಿಗೆ ಮೊದಲು ಒಮ್ಮೆ, ಬಿಸಿಯೂಟಕ್ಕೆ ಮೊದಲು ಒಮ್ಮೆ.

ಕೆಮ್ಮುವಾಗ ಮೊಣಕೈಯ ಮಡಿಕೆಯನ್ನು ಬಾಯಿಗೆ ಅಡ್ಡ ಹಿಡಿಯಬೇಕೆಂದು ನಾನೇ ಕಲಿಸಿ, ನಾನೇ ಸಿಕ್ಕಿಬಿದ್ದೆ. ಒಂದು ದಿನ ಪಾಠದ ನಡುವೆ ಕೆಮ್ಮು ಬಂದು ಅಂಗೈ ಅಡ್ಡ ಹಿಡಿದು, ಅದೇ ಕೈಯಲ್ಲಿ ಸೀಮೆಸುಣ್ಣ ಎತ್ತಿಕೊಂಡೆ. ಎರಡನೇ ತರಗತಿಯ ಹುಡುಗಿಯೊಬ್ಬಳು, “ಟೀಚರ್, ಆ ಸೀಮೆಸುಣ್ಣ ನಂಗೆ ಬೇಡ” ಎಂದಳು. ಎಲ್ಲರ ಮುಂದೆ ಹೋಗಿ ಕೈ ತೊಳೆದು ಬಂದೆ. ಆ ವಾರವೇ ಜ್ವರ ಬಂದಾಗ ರಜೆ ಹಾಕಿದೆ. ಅದುವರೆಗೆ ಜ್ವರದಲ್ಲೂ ಶಾಲೆಗೆ ಬರುವುದೇ ನಿಷ್ಠೆಯೆಂದು ತಿಳಿದುಕೊಂಡಿದ್ದೆ.

ನನಗೆ ಇನ್ನೂ ಪೂರ್ತಿ ಬಗೆಹರಿಯದೆ ಉಳಿದಿರುವುದು ಕಾಯಿಲೆ ಬಿದ್ದ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವ ಪ್ರಶ್ನೆ. ಫ್ಲೂ ಬಂದವರು ಲಕ್ಷಣ ಕಾಣುವ ಒಂದು ದಿನ ಮೊದಲಿನಿಂದಲೇ ಅದನ್ನು ಹರಡಬಲ್ಲರು, ಆಮೇಲೆ ಐದಾರು ದಿನ, ಮಕ್ಕಳಾದರೆ ಇನ್ನೂ ಹೆಚ್ಚು ದಿನ. ಜ್ವರವಿದ್ದರೆ ಕಳಿಸಬೇಡಿ, ಮಾತ್ರೆಯಿಲ್ಲದೆ ಜ್ವರ ಬಿಟ್ಟು ಒಂದು ದಿನ ಕಳೆದ ಮೇಲೆ ಕಳಿಸಿ ಎಂದು ಪೋಷಕರ ಸಭೆಯಲ್ಲಿ ಹೇಳಿದಾಗ ತಾಯಿಯೊಬ್ಬರು, “ತೋಟದ ಕೆಲ್ಸಕ್ಕೆ ಹೋಗ್ದಿದ್ರೆ ಆ ದಿನದ ಕೂಲಿ ಯಾರು ಕೊಡ್ತಾರೆ ಟೀಚರ್?” ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಹಗಲು ಮನೆಯಲ್ಲಿರುವ ಅಜ್ಜಿಯರ ಹೆಸರುಗಳನ್ನು ಕೇರಿವಾರು ಬರೆದಿಟ್ಟುಕೊಂಡಿದ್ದೇನೆ. ಯಾರ ಮಗುವನ್ನು ಯಾರ ಮನೆಯಲ್ಲಿ ಬಿಡಬಹುದೆಂದು ತಾಯಂದಿರೇ ಒಪ್ಪಿಕೊಂಡಿದ್ದಾರೆ. ಆದರೆ ವಯಸ್ಸಾದವರಿಗೆ ಸೋಂಕು ತಗುಲಿದರೆ ಅಪಾಯ ಹೆಚ್ಚಾದ್ದರಿಂದ, ದಮ್ಮಿನ ಕಾಯಿಲೆಯಿರುವ ಅಜ್ಜಿಯರನ್ನು ಆ ಪಟ್ಟಿಯಿಂದ ಬಿಟ್ಟಿದ್ದೇನೆ. ಹಾಗಿದ್ದೂ ಕಾಯಿಲೆಯಲ್ಲೇ ಶಾಲೆಗೆ ಬಂದುಬಿಟ್ಟ ಮಗುವಿಗೆ ಮಾಸ್ಕು ಹಾಕಿ ಜಗಲಿಯ ತುದಿಯಲ್ಲಿ ಚಾಪೆ ಹಾಸಿಕೊಡುತ್ತೇನೆ, ಬಿಸಿಯೂಟ ಅಲ್ಲಿಗೇ ಹೋಗುತ್ತದೆ. ಶಿಕ್ಷೆಯೆಂದು ಅದಕ್ಕೆ ಅನ್ನಿಸದಿರಲೆಂದು ನನ್ನ ಕುರ್ಚಿಯನ್ನೂ ಬಾಗಿಲ ಬಳಿಗೆ, ಮಗು ಕಾಣುವಷ್ಟು ದೂರಕ್ಕೆ ಎಳೆದುಕೊಳ್ಳುತ್ತೇನೆ.