ಮಾತ್ರೆಯ ವೇಬಿಲ್

ಮೂವತ್ತೆರಡು ವರ್ಷ ಸಾರಿಗೆ ನಿಗಮದಲ್ಲಿ ನಿರ್ವಾಹಕನಾಗಿದ್ದೆ. ಟಿಕೆಟ್ ಯಂತ್ರ ಬರುವ ಮೊದಲು ಪ್ರತಿ ಸ್ಟೇಜಿನಲ್ಲೂ ಟಿಕೆಟ್ ಸಂಖ್ಯೆಗಳನ್ನು ವೇಬಿಲ್ಲಿನಲ್ಲಿ, ಅಂದರೆ ನಿರ್ವಾಹಕನ ಲೆಕ್ಕದ ಹಾಳೆಯಲ್ಲಿ, ಬರೆದು ಮುಗಿಸಬೇಕಿತ್ತು. ಬರೆಯುವುದರೊಳಗೆ ತನಿಖಾ ತಂಡದವರು ಬಸ್ಸಿಗೆ ಕೈ ಅಡ್ಡ ಹಿಡಿದರೆ ಮೆಮೊ ಖಂಡಿತ. ಅಷ್ಟು ವರ್ಷ ಲೆಕ್ಕ ತಪ್ಪದ ನಾನು ಅರವತ್ತೈದನೆಯ ವಯಸ್ಸಿನಲ್ಲಿ, ಕಡೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ ನಿಂತು, ನಾಲ್ಕೂವರೆಯ ಮಾತ್ರೆ ನುಂಗಿದ್ದೇನೋ ಇಲ್ಲವೋ ತಿಳಿಯದೆ ತಡಬಡಾಯಿಸಿದೆ.

ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಗಿ ಈಗ ಒಂಬತ್ತು ವರ್ಷ. ಚಿಲ್ಲರೆ ಎಣಿಸುವಾಗ ಬಲಗೈ ಹೆಬ್ಬೆರಳು ತಾನೇ ಆಡತೊಡಗಿದ್ದು ಮೊದಲ ಗುರುತು. ದಿನಕ್ಕೆ ಐದು ಸಲ ಲೆವೊಡೋಪಾ–ಕಾರ್ಬಿಡೋಪಾ ಮಾತ್ರೆ: ಬೆಳಿಗ್ಗೆ ಆರು, ಒಂಬತ್ತೂವರೆ, ಒಂದು, ನಾಲ್ಕೂವರೆ, ರಾತ್ರಿ ಎಂಟು. ಬೆಳಿಗ್ಗೆ ಇದೇ ಕಾಯಿಲೆಗೆ ಇನ್ನೊಂದು ಮಾತ್ರೆ, ರಾಸಗಿಲಿನ್, ಬೇರೆ. ಈ ಕಾಯಿಲೆಯವರು ಒಬ್ಬರನ್ನೊಬ್ಬರು ಕೇಳುವುದು 'ಊಟ ಆಯಿತೇ' ಎಂದಲ್ಲ, 'ಮಾತ್ರೆ ಹತ್ತಿತೇ' ಎಂದು. ಹತ್ತಿದರೆ ನಾನು ತೆಂಗಿನಕಾಯಿ ತುರಿದು ಕೊಡಬಲ್ಲೆ. ಇಳಿದರೆ ಅಂಗಿಯ ಗುಂಡಿಯೂ ನನ್ನ ಮಾತು ಕೇಳುವುದಿಲ್ಲ.

ಅದು ಜನವರಿ, ಅವರೆಕಾಯಿಯ ಕಾಲ. ನಾಲ್ಕು ಗಂಟೆಗೆ ಅವರೆಕಾಳು ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದೆ. ನಾಲ್ಕೂವರೆಗೆ ಮಾತ್ರೆ ನುಂಗಿದೆ. ಐದೂಕಾಲಾದರೂ ಅದು ಹತ್ತಲಿಲ್ಲ. ಕಾಳಿನ ಪ್ರೋಟೀನೂ ಲೆವೊಡೋಪಾವೂ ಕರುಳಿನಿಂದ ರಕ್ತಕ್ಕೆ ಹೋಗುವುದು ಒಂದೇ ಬಾಗಿಲಿನಿಂದ. ಜಾತ್ರೆಯ ದಿನ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದರೆ ಹಿಂದೆ ನಿಂತವನು ಕೆಳಗೇ ಉಳಿಯುತ್ತಾನಲ್ಲ, ನನ್ನ ಮಾತ್ರೆಯೂ ಹಾಗೆ ಉಳಿದಿತ್ತು. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದೆರಡು ಗಂಟೆಯಾದ ಮೇಲೆ ತೆಗೆದುಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕೇ. ನನಗೆ ಆಗ ಅದು ನೆನಪಾಗಲಿಲ್ಲ. ಕಾಲು ಹೊಸ್ತಿಲಲ್ಲೇ ಅಂಟಿಕೊಂಡಿತ್ತು. ಆ ಹೊತ್ತಿನಲ್ಲಿ ತಲೆಯೂ ಕಾಲಿನ ಹಾಗೆಯೇ ನಡೆಯುತ್ತದೆ. ಮೈ ಬಿಟ್ಟುಕೊಂಡಿಲ್ಲ, ಹಾಗಾದರೆ ಮಾತ್ರೆ ತೆಗೆದುಕೊಂಡಿಲ್ಲ ಎಂದು ತೀರ್ಮಾನಿಸಿದೆ. ಮೈಯನ್ನೇ ಸಾಕ್ಷಿಗೆ ಕರೆದದ್ದು ನನ್ನ ಮೊದಲ ತಪ್ಪು.

ಎರಡನೆಯ ತಪ್ಪು ಡಬ್ಬಿಯಲ್ಲಿತ್ತು. ಕರೆಂಟು ಹೋಗಿತ್ತು. ಕೈಗೆ ಸಿಕ್ಕ ಹಳೆಯ ಸ್ಟ್ರಿಪ್ಪಿನಿಂದ ಒಂದು ಮಾತ್ರೆಯನ್ನು ಇಡಿಯಾಗಿ ನುಂಗಿದೆ. ಮೊದಲು 275ರ ಮಾತ್ರೆಯನ್ನು ಅರ್ಧ ಮುರಿದು ತೆಗೆದುಕೊಳ್ಳುತ್ತಿದ್ದೆ, ಆಮೇಲೆ ವೈದ್ಯರು 110ಕ್ಕೆ ಬದಲಾಯಿಸಿ ಸಲಗಳನ್ನು ಹೆಚ್ಚಿಸಿದ್ದರು. 110 ಎಂದರೆ 100 ಮಿಲಿಗ್ರಾಂ ಲೆವೊಡೋಪಾ ಮತ್ತು 10 ಮಿಲಿಗ್ರಾಂ ಕಾರ್ಬಿಡೋಪಾ. 275 ಎಂದರೆ 250 ಮತ್ತು 25. ಉಳಿದ ಮಾತ್ರೆಗಳನ್ನು ಎಸೆಯಲು ಮನಸ್ಸಾಗದೆ ಇಟ್ಟಿದ್ದೆ. ದುಡ್ಡು ಕೊಟ್ಟು ತಂದದ್ದಲ್ಲವೇ. ಹೀಗೆ ನೂರು ಸಾಕಾಗಿದ್ದ ಕಡೆ ಮುನ್ನೂರೈವತ್ತು ಹೊಟ್ಟೆ ಸೇರಿತು.

ಆರೂಕಾಲಿಗೆ ಎರಡೂ ಒಟ್ಟಿಗೆ ಹತ್ತಿದವು. ಮೊದಲು ಎಡಗಾಲಿನ ಹೆಬ್ಬೆರಳು ಮೇಲಕ್ಕೆ ಸೆಟೆಯಿತು. ಅನಂತರ ಮೊಣಕಾಲು ಒಳಗೂ ಹೊರಗೂ ಆಡತೊಡಗಿತು, ಭುಜ ಕಿವಿಯ ಕಡೆಗೆ ಏರಿತು, ಕತ್ತು ಯಾರೋ ಹಿಂದಿನಿಂದ ಕರೆದಂತೆ ಪದೇ ಪದೇ ತಿರುಗಿತು. "ರೀ, ಕಾಲನ್ನು ಯಾಕೆ ಹಾಗೆ ಆಡಿಸುತ್ತಿದ್ದೀರಿ?" ಎಂದು ನನ್ನ ಹೆಂಡತಿ ಕೇಳಿದಳು. ನಾನೆಲ್ಲಿ ಆಡಿಸುತ್ತಿದ್ದೆ! ನಡುಕ ಬೇರೆ, ಇದು ಬೇರೆ. ನಡುಕ ಒಂದೇ ತಾಳದ್ದು. ಇದಕ್ಕೆ ತಾಳವೇ ಇಲ್ಲ. ವೈದ್ಯರ ಭಾಷೆಯಲ್ಲಿ ಡಿಸ್ಕೈನೇಸಿಯಾ. ಹೊಟ್ಟೆ ತೊಳಸಿತು, ಬೆವರಿಗೆ ಬನಿಯನ್ ಒದ್ದೆಯಾಯಿತು. ವಾಂತಿ ಮಾಡಲು ದಡಕ್ಕನೆ ಎದ್ದೆ, ಕಣ್ಣು ಕತ್ತಲಾಗಿ ಬಚ್ಚಲ ಬಾಗಿಲಿಗೆ ಹಣೆ ಬಡಿಯಿತು. ಲೆವೊಡೋಪಾ ಹೆಚ್ಚಾದಾಗ ಎದ್ದು ನಿಂತ ಕೂಡಲೇ ರಕ್ತದೊತ್ತಡ ಕುಸಿಯಬಹುದು. ಆ ಸಂಜೆ ನನಗೆ ನಿಜವಾಗಿ ಪೆಟ್ಟಾದದ್ದು ಮಾತ್ರೆಯಿಂದಲ್ಲ, ಆ ಏಳುವಿಕೆಯಿಂದ. ಹಣೆಗೆ ಮೂರು ಹೊಲಿಗೆ.

ಪಕ್ಕದ ಮನೆಯ ಹುಡುಗ ಕಾರಿನಲ್ಲಿ ನರ್ಸಿಂಗ್ ಹೋಮಿಗೆ ಕರೆದೊಯ್ದ. ಅಲ್ಲಿ ಹೊಲಿಗೆ ಹಾಕಿದರು, ವಾಂತಿ ನಿಲ್ಲಲು ಒಂದು ಇಂಜೆಕ್ಷನ್ ಕೊಟ್ಟರು: ಮೆಟೊಕ್ಲೋಪ್ರಮೈಡ್. ಎಲ್ಲ ಕಡೆ ಕೊಡುವ ಸಾಮಾನ್ಯ ಔಷಧ. ಆದರೆ ಲೆವೊಡೋಪಾ ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ, ಆ ಡೋಪಮಿನ್ ಕೂರುವ ಜಾಗಕ್ಕೇ ಈ ಔಷಧ ಅಡ್ಡ ಕೂರುತ್ತದೆ. ಪಾರ್ಕಿನ್ಸನ್ ಇರುವವರಿಗೆ ಕೊಡಬಾರದು. ನಮಗೆ ಗೊತ್ತಿರಲಿಲ್ಲ, ನಾವು ಹೇಳಲಿಲ್ಲ, ಅವರು ಕೇಳಲಿಲ್ಲ.

ಮರುದಿನ ನಾನು ಮಾಡಿದ್ದು ಮೂರನೆಯ ತಪ್ಪು, ಎಲ್ಲಕ್ಕಿಂತ ದೊಡ್ಡದು. ಹೆದರಿ ಇಡೀ ದಿನ ಒಂದು ಮಾತ್ರೆಯನ್ನೂ ಮುಟ್ಟಲಿಲ್ಲ. ಹೆಚ್ಚಾಗಿದೆಯಲ್ಲ, ಇಳಿಯಲಿ ಎಂಬ ಲೆಕ್ಕ. ಇಂಜೆಕ್ಷನ್ನೂ ಸೇರಿ ಸಂಜೆಯ ಹೊತ್ತಿಗೆ ಕೊರಡಾಗಿದ್ದೆ. ಮಗ್ಗುಲು ಬದಲಿಸಲು ಇಬ್ಬರು ಬೇಕಾದರು, ಗಂಜಿ ಗಂಟಲಿನಲ್ಲಿ ಇಳಿಯಲಿಲ್ಲ. ಮಗ ಬೆಂಗಳೂರಿನಿಂದ ನನ್ನ ನರರೋಗ ವೈದ್ಯರಿಗೆ ಫೋನ್ ಮಾಡಿ ನನ್ನ ಕಿವಿಗೆ ಹಿಡಿಸಿದ. ಅವರು ಬೈದದ್ದು ಎರಡು ಮಾತ್ರೆ ನುಂಗಿದ್ದಕ್ಕಲ್ಲ, ನಿಲ್ಲಿಸಿದ್ದಕ್ಕೆ. "ಕಾರ್ಬಿಡೋಪಾ ಜೊತೆಗಿದ್ದರೂ ಲೆವೊಡೋಪಾ ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿಯೊಳಗೆ ಅದು ನಿಮ್ಮನ್ನು ಬಿಟ್ಟು ಹೋಗಿತ್ತು. ಕುಣಿತ ನಿಂತ ಮೇಲೆ ಮುಂದಿನ ಡೋಸಿನಿಂದ ಎಂದಿನಂತೆ ಶುರು ಮಾಡಬೇಕಿತ್ತು. ಹೀಗೆ ಏಕಾಏಕಿ ನಿಲ್ಲಿಸಿದರೆ ಜ್ವರ ಏರಿ, ಮೈ ಸೆಟೆದು ಜೀವಕ್ಕೇ ಬರಬಹುದು" ಎಂದರು.

ಇದು ನನಗೆ, ನನ್ನ ಮಾತ್ರೆಗೆ ಹೇಳಿದ ಮಾತು ಎಂಬುದನ್ನು ಓದುವವರು ಗಮನದಲ್ಲಿಡಬೇಕು. ಎಲ್ಲ ಮಾತ್ರೆಯೂ ಒಂದೂವರೆ ಗಂಟೆಯದಲ್ಲ. ನಿಧಾನವಾಗಿ ಔಷಧ ಬಿಡುವ ಲೆವೊಡೋಪಾ ಮಾತ್ರೆ ಎರಡಾದರೆ ಕುಣಿತವೂ ನಿಧಾನವಾಗಿಯೇ ಬಿಡುತ್ತದೆ. ರಾಸಗಿಲಿನ್ನಿನ ಪರಿಣಾಮ ದಿನಗಟ್ಟಲೆ ಇರುತ್ತದೆ. ಇದೇ ಕಾಯಿಲೆಗೆ ಕೊಡುವ ಬೇರೆ ಮಾತ್ರೆಗಳೂ ಇವೆ. ಪ್ರಮಿಪೆಕ್ಸೋಲ್ ಹೆಚ್ಚಾದರೆ ವಾಂತಿ, ತಡೆಯಲಾರದ ನಿದ್ದೆ, ಇಲ್ಲದ್ದು ಕಾಣುವುದು. ಅಮಾಂಟಡಿನ್ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು, ಮಿತಿ ಮೀರಿದರೆ ಹೃದಯದ ಬಡಿತಕ್ಕೂ ಕೈ ಹಾಕುತ್ತದೆ. ಅದರಲ್ಲಿ ಕಾದು ನೋಡುವ ಮಾತಿಲ್ಲ. ನಮ್ಮ ಫ್ರಿಜ್ಜಿನ ಬಾಗಿಲಿನ ಮೇಲೆ ಈಗ ಮೂರು ಸಂಖ್ಯೆಗಳಿವೆ: ನಮ್ಮ ವೈದ್ಯರದು, ಆಂಬುಲೆನ್ಸಿನ 108, ಮತ್ತು ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117. ಪ್ರಜ್ಞೆ ಮಸುಕಾದರೆ, ಎದೆ ನೋವು ಬಂದರೆ, ಎಷ್ಟು ನುಂಗಿದೆ ಎಂಬುದೇ ತಿಳಿಯದಿದ್ದರೆ ಮೊದಲು 108.

ಪೆಟ್ಟು ಒಂದೇ ಸಲಕ್ಕೆ ಮುಗಿಯಲಿಲ್ಲ. ಆ ವರ್ಷದ ಕೊನೆಗೆ ನನ್ನ ಹೆಂಡತಿಯ ತಮ್ಮ ಒಂದು ಪೊಟ್ಟಣ ತಂದ. "ಭಾವ, ಇದು ಬರೀ ಬೀಜದ ಪುಡಿ, ಅಡ್ಡ ಪರಿಣಾಮ ಏನೂ ಇಲ್ಲ. ರಾತ್ರಿ ಹಾಲಿಗೆ ಹಾಕಿಕೊಳ್ಳಿ" ಎಂದ. ನಸುಗುನ್ನಿ ಬೀಜ. ಚಿಕ್ಕಂದಿನಲ್ಲಿ ಬೇಲಿಯ ಮೇಲಿನ ಅದರ ಕಾಯಿ ಸೋಕಿ ಮೈಯೆಲ್ಲ ತುರಿಸಿಕೊಂಡು ಸಗಣಿ ಬಳಿಸಿಕೊಂಡವನು ನಾನು. ಆ ಬೀಜದೊಳಗೆ ಇರುವುದೂ ಲೆವೊಡೋಪಾವೇ ಎಂದು ನನಗೇನು ಗೊತ್ತು? ಮದರಾಸಿನ ಇಬ್ಬರು ವಿಜ್ಞಾನಿಗಳು 1937ರಲ್ಲೇ ಅದರಿಂದ ಅದನ್ನು ಬೇರ್ಪಡಿಸಿದ್ದರಂತೆ. ಮಾತ್ರೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎಣಿಸುತ್ತಿದ್ದೆ, ಮೇಲೆ ಚಮಚದಲ್ಲಿ ಲೆಕ್ಕವಿಲ್ಲದ ಲೆವೊಡೋಪಾ ಕುಡಿಯುತ್ತಿದ್ದೆ.

ಈ ಸಲ ಕುಣಿತ ಕಡಿಮೆಯಿತ್ತು. ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ರಾತ್ರಿ ನಡುಮನೆಯಲ್ಲಿ ಜನ ಕೂತಿದ್ದರು. ತಲೆಗೆ ಟವೆಲ್ ಸುತ್ತಿಕೊಂಡ ಇಬ್ಬರು, ಮಡಿಲಲ್ಲಿ ಗಂಟು ಇಟ್ಟುಕೊಂಡ ಒಬ್ಬ ಮುದುಕಿ. ಹೆದರಿಕೆಯೇ ಆಗಲಿಲ್ಲ. ನಾನು ಎದ್ದು ಹೋಗಿ, ಕಂಕುಳಿನಲ್ಲಿ ಇಲ್ಲದ ಚೀಲಕ್ಕೆ ಕೈ ಹಾಕಿ, "ಎಲ್ಲಿಗಮ್ಮ?" ಎಂದೆ. ಹೆಂಡತಿ ದೀಪ ಹಾಕಿದಳು. ಯಾರೂ ಇರಲಿಲ್ಲ. ಅವಳು ಅಳುತ್ತಿದ್ದಳು, ನನಗೆ ಮಾತ್ರ ಮುದುಕಿ ಟಿಕೆಟ್ ಪಡೆಯದೆ ಇಳಿದುಹೋದಳಲ್ಲ ಎಂಬ ಚಿಂತೆ. ಪುಡಿ ನಿಲ್ಲಿಸಿದ ಮೇಲೆ, ವೈದ್ಯರು ಉಳಿದದ್ದನ್ನು ಸರಿಪಡಿಸಿದ ಮೇಲೆ ಪ್ರಯಾಣಿಕರು ಬರುವುದು ನಿಂತಿತು. ಆಯುರ್ವೇದದ ಮೇಲೆ ನನಗೆ ಸಿಟ್ಟಿಲ್ಲ. ಅಡ್ಡ ಪರಿಣಾಮ ಇಲ್ಲ ಎಂಬ ಮಾತಿನ ಮೇಲೆ ಇದೆ.

ಆಮೇಲೆ ನಾನು ವೇಬಿಲ್ಲಿಗೆ ಮರಳಿದೆ. ಮೊದಲು ಪುಸ್ತಕದಲ್ಲಿ ಬರೆದು ನೋಡಿದೆ. ಈ ಕಾಯಿಲೆ ಕೈಬರಹವನ್ನು ಕುಗ್ಗಿಸುತ್ತದೆ. ಸಾಲಿನ ಆರಂಭದಲ್ಲಿ ಅವರೆಕಾಳಿನಷ್ಟಿದ್ದ ಅಕ್ಷರ ಕೊನೆಗೆ ಸಾಸಿವೆ. ನಾನು ಬರೆದದ್ದನ್ನು ನಾನೇ ಓದಲಾರೆ. ಮೊಬೈಲಿನ ಅಲಾರಂ ಒಳ್ಳೆಯದೇ, ಆದರೆ ಅದನ್ನು ಆರಿಸಿದ್ದು ನೆನಪಿರುತ್ತದೆ, ನುಂಗಿದ್ದು ನೆನಪಿರುವುದಿಲ್ಲ. ಕೊನೆಗೆ ಪುಸ್ತಕದ ಅಂಗಡಿಯಿಂದ ಕಾಗದಕ್ಕೆ ತೂತು ಹಾಕುವ ಪಂಚ್ ತಂದೆ. ಬೆರಳು ಬೇಡ, ಅಂಗೈಯಿಂದ ಒತ್ತಿದರೆ ಸಾಕು. ಮಗ ದಿನಕ್ಕೊಂದು ಚೀಟಿಯಂತೆ ಅಚ್ಚು ಹಾಕಿಸಿ ಕೊಟ್ಟ, ಅಂಚಿನಲ್ಲಿ ಐದು ಹೊತ್ತು. ಮಾತ್ರೆ ಬಾಯಿಗೆ ಹೋಗಿ ನೀರು ಗಂಟಲಿಳಿದ ಮೇಲೆಯೇ ತೂತು. ಮೊದಲೇ ತೂತು ಹಾಕುವುದು, ದುಡ್ಡು ಪಡೆಯದೆ ಟಿಕೆಟ್ ಹರಿದಂತೆ.

ತೂತೂ ಇಲ್ಲ, ನೆನಪೂ ಇಲ್ಲ ಎಂದರೆ? ವಾರದ ಮಾತ್ರೆಗಳನ್ನು ಗೂಡು ಗೂಡಿನ ಡಬ್ಬಿಯಲ್ಲಿ ಹೆಂಡತಿ ಭಾನುವಾರ ತುಂಬಿಸಿಡುತ್ತಾಳೆ. ಗೂಡು ಖಾಲಿಯಿದ್ದರೆ ನುಂಗಿದ್ದೇನೆ ಎಂದೇ ಅರ್ಥ. ಅದರಲ್ಲೂ ಅನುಮಾನವಾದರೆ ತೆಗೆದುಕೊಳ್ಳುವುದಿಲ್ಲ, ಮುಂದಿನ ಹೊತ್ತಿಗೆ ಕಾಯುತ್ತೇನೆ. ತಪ್ಪಿದ ಮಾತ್ರೆಯ ಬಾಕಿಯನ್ನು ಮುಂದಿನದಕ್ಕೆ ಸೇರಿಸುವುದಿಲ್ಲ. ಕುರ್ಚಿಯಲ್ಲಿ ಮರಗಟ್ಟಿ ಕೂರುವುದು ಕಷ್ಟ, ಆದರೆ ಕೂತವನಿಗೆ ಹಣೆ ಒಡೆಯುವುದಿಲ್ಲ. ಹಳೆಯ 275ರ ಸ್ಟ್ರಿಪ್ಪುಗಳು ಮನೆಯಲ್ಲಿಲ್ಲ. ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಚೀಟಿ ಇದೆ: ನನಗೆ ಪಾರ್ಕಿನ್ಸನ್ ಇದೆ, ಡೋಪಮಿನ್‌ಗೆ ಅಡ್ಡ ಕೂರುವ ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಾಜಿನ್, ಹ್ಯಾಲೊಪೆರಿಡಾಲ್ ಕೊಡಬೇಡಿ, ಲೆವೊಡೋಪಾ ಪೂರ್ತಿ ನಿಲ್ಲಿಸಬೇಡಿ.

ಭಾನುವಾರ ಡಬ್ಬಿ ತುಂಬುವ ಮೊದಲು ಹೆಂಡತಿ ವಾರದ ಏಳು ಚೀಟಿಗಳ ತೂತುಗಳನ್ನೂ ಉಳಿದ ಮಾತ್ರೆಗಳನ್ನೂ ಎದುರಿಗಿಟ್ಟುಕೊಂಡು ತಾಳೆ ನೋಡುತ್ತಾಳೆ. ಕಳೆದ ವಾರ ಮೂವತ್ತೈದು ತೂತಿತ್ತು, ಮಾತ್ರೆ ಒಂದು ಹೆಚ್ಚಿತ್ತು. "ಹೆಚ್ಚು ನುಂಗಿಲ್ಲವಲ್ಲ, ಬಿಡು" ಎಂದೆ. "ಚೀಲದಲ್ಲಿ ಹಣ ಕಡಿಮೆಯಿದ್ದರೂ ಮೆಮೊ, ಹೆಚ್ಚಿದ್ದರೂ ಮೆಮೊ ಎಂದು ನೀವೇ ಹೇಳುತ್ತಿರಲಿಲ್ಲವೇ?" ಎಂದು ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ ಮತ್ತೆ ಮೊದಲಿನಿಂದ ಎಣಿಸತೊಡಗಿದಳು.